ರೆಗ್ಯುಲರ್ರಾ, ಕರೆಸ್ಪಾಂಡೆನ್ಸಾ?

ಅತಿಥಿ ಉಪನ್ಯಾಸಕರ ಆಯ್ಕೆಗೆಂದು ಒಂದು ಮಧ್ಯಾಹ್ನ ನಾವು ನಾಲ್ಕು ಜನ ಕೂತಿದ್ದೆವು. ಊಟ ಮುಗಿಸಿ ಬಂದಿದ್ದೆವು, ಎಲ್ಲರಿಗೂ ಸಣ್ಣಗೆ ತೂಕಡಿಕೆ. ಹದಿನೇಳನೆಯವನೋ ಹದಿನೆಂಟನೆಯವನೋ ಇರಬೇಕು, ಒಬ್ಬ ಹುಡುಗ ಒಳಗೆ ಬಂದ. ಇಸ್ತ್ರಿಯ ಗೆರೆ ಮಾಸದ ಅಂಗಿ, ಎದೆಗವಚಿಕೊಂಡ ಪ್ಲಾಸ್ಟಿಕ್ ಫೈಲು. ಅವನ ಅಂಕಪಟ್ಟಿಗಳನ್ನು ತಿರುವುತ್ತಾ ನಾನೇ ಕೇಳಿದೆ: "ಎಂ.ಎ. ರೆಗ್ಯುಲರ್ರಾ, ಕರೆಸ್ಪಾಂಡೆನ್ಸಾ?"

ಉತ್ತರ ಅಂಕಪಟ್ಟಿಯ ನೆತ್ತಿಯ ಮೇಲೆಯೇ ಅಚ್ಚಾಗಿತ್ತು. ನನಗದು ಕಂಡೂ ಇತ್ತು. ಆದರೂ ಕೇಳಿದೆ.

"ಕರೆಸ್ಪಾಂಡೆನ್ಸ್, ಮೇಡಂ" ಎಂದ. ಆ ಪದ ಮುಗಿಯುವಷ್ಟರಲ್ಲಿ ದನಿ ಅರ್ಧಕ್ಕೆ ಇಳಿದಿತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರು ಪೆನ್ನಿನ ಕ್ಯಾಪು ಮುಚ್ಚಿದರು. ಸಂದರ್ಶನ ಆಮೇಲೂ ಐದು ನಿಮಿಷ ನಡೆಯಿತು. ಆದರೆ ಅದು ಮುಗಿದದ್ದು ಆ ಕ್ಯಾಪು ಮುಚ್ಚಿದಾಗಲೇ.

ಸಂಜೆ ಸ್ಕೂಟರ್ ಸ್ಟ್ಯಾಂಡಿನಿಂದ ತೆಗೆಯುವಾಗ ಒಂದು ವಿಷಯ ನೆನಪಾಗಿ ಸುಮ್ಮನೆ ನಿಂತುಬಿಟ್ಟೆ. ಆ ಹುಡುಗ ಬಿ.ಎ.ಯನ್ನೂ ದೂರಶಿಕ್ಷಣದಲ್ಲೇ ಮಾಡಿದ್ದ. ಅವನು ಓದಿದ ಅರ್ಥಶಾಸ್ತ್ರದ ಪುಸ್ತಕದಲ್ಲಿ ಒಂದು ಘಟಕ ಬರೆದವಳು ನಾನು. ಒಂದು ಲೆಕ್ಕದಲ್ಲಿ ಅವನು ನನ್ನ ವಿದ್ಯಾರ್ಥಿ.

ನಮ್ಮ ಸ್ಟಾಫ್ ರೂಮಿನಲ್ಲಿ ದೂರಶಿಕ್ಷಣದ ಮಾತು ಬರುವುದು ಎರಡೇ ಸಂದರ್ಭಗಳಲ್ಲಿ. ಅಲ್ಲಿಯ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ನಡೆಸುವ ಭಾನುವಾರದ ಸಂಪರ್ಕ ತರಗತಿಗೆ ಯಾರು ಹೋಗುತ್ತೀರಿ ಎಂಬ ಪಟ್ಟಿ ಬಂದಾಗ ಒಮ್ಮೆ, ಅದರ ಗೌರವಧನ ಇನ್ನೂ ಬಂದಿಲ್ಲ ಎಂಬ ದೂರಿನಲ್ಲಿ ಇನ್ನೊಮ್ಮೆ. ಉಳಿದಂತೆ ಅದು ಬೈಗುಳದ ಹತ್ತಿರದ ಪದ. ಯಾರಾದರೂ ಹುಡುಗ ತರಗತಿಗೆ ಚಕ್ಕರ್ ಹಾಕಿದರೆ "ಇವನೇನು ಕರೆಸ್ಪಾಂಡೆನ್ಸ್ ಮಾಡ್ತಿದಾನಾ?" ಎನ್ನುತ್ತೇವೆ. ಸೀಟು ಸಿಗದವರು, ಬಡ್ತಿಗೆ ಕಾಗದ ಬೇಕಾದವರು, ಮದುವೆಯ ಕಾರ್ಡಿನಲ್ಲಿ ಹೆಸರಿನ ಮುಂದೆ ಡಿಗ್ರಿ ಬೇಕಾದವರು ಎಂದು ಅಲ್ಲಿ ಓದುವವರನ್ನು ನಾವು ಮೂರು ಪಂಗಡ ಮಾಡಿ ಮುಗಿಸಿದ್ದೇವೆ. ತಮಾಷೆಯೆಂದರೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ಸಹೋದ್ಯೋಗಿಯ ಎಂ.ಎ. ಯಾವ ದಾರಿಯಲ್ಲಿ ಬಂದದ್ದೆಂದು ಅವರ ನಿವೃತ್ತಿಯ ದಿನ ಗೊತ್ತಾಯಿತು. ಬೀಳ್ಕೊಡುಗೆ ಭಾಷಣದಲ್ಲಿ ಅವರ ತಮ್ಮ ಬಾಯಿತಪ್ಪಿ ಹೇಳಿದರು: ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದುಕೊಂಡೇ, ಅಂಚೆಯಲ್ಲಿ ಪಾಠ ತರಿಸಿಕೊಂಡು, ಲಾಟೀನಿನಲ್ಲಿ ಓದಿದ್ದರಂತೆ. ಸಾರ್ ತಲೆ ತಗ್ಗಿಸಿ ಕೂತಿದ್ದರು. ಹೆಮ್ಮೆಯಿಂದ ತಲೆ ಎತ್ತಬೇಕಾದ ಮಾತಿಗೆ.

ಹಾಗೆ ಓದಿ ಮೇಲೆ ಬಂದವರು ನಮ್ಮ ಸುತ್ತ ಕಡಿಮೆಯೇನಿಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಪಾಠ ಶುರುಮಾಡಿತು. ಏಳು ವರ್ಷದ ನಂತರ, 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವೂ ಆರಂಭಿಸಿತು. ನಮ್ಮ ಹಿರಿಯರ ಬಾಯಲ್ಲಿ ಅದು 'ಅಂಚೆ ತೆರಪಿನ ಶಿಕ್ಷಣ'. ಎಷ್ಟು ಚೆಂದದ ಹೆಸರು! ತೆರಪು ಎಂದರೆ ಬಿಡುವು. ಬಿಡುವಾದಾಗ ಓದು ಎನ್ನುವುದು ಅದರೊಳಗೇ ಇದೆ. 'ದೂರಶಿಕ್ಷಣ' ಎಂಬ ಪದ ಬಂದಮೇಲೆ ಆ ಬಿಡುವು ಹೋಗಿ ಬರೀ ದೂರ ಉಳಿಯಿತು. ಯಾರಿಂದ ದೂರ? ನಮ್ಮಿಂದ, ಮೇಷ್ಟ್ರುಗಳಿಂದ. ಹೆಸರಿಟ್ಟವರು ನಾವೇ ತಾನೆ.

ಅದೇ 1969ರಲ್ಲೇ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಗೂ ಸನ್ನದು ಸಿಕ್ಕಿತು. 1971ರ ಜನವರಿಯಲ್ಲಿ ಪಾಠ ಶುರು. ಅಲ್ಲಿಯೂ ಹಳೆಯ ವಿಶ್ವವಿದ್ಯಾಲಯದವರು ಮೂಗು ಮುರಿದಿದ್ದರು, ರಾಜಕಾರಣಿಗಳು ಗೇಲಿ ಮಾಡಿದ್ದರು. ಆದರೆ ಓಪನ್ ಯೂನಿವರ್ಸಿಟಿಯವರು ಒಂದು ಕೆಲಸ ಮಾಡಿದರು. ಒಂದು ಕೋರ್ಸನ್ನು ಒಬ್ಬ ಪ್ರೊಫೆಸರ್ ಕೈಗೆ ಕೊಡದೆ ಒಂದು ತಂಡಕ್ಕೆ ಕೊಟ್ಟರು. ಒಬ್ಬರು ಬರೆದದ್ದನ್ನು ಉಳಿದವರು ಕೂತು ಹರಿದು ಚಿಂದಿ ಮಾಡುವುದು, ಮತ್ತೆ ಬರೆಯುವುದು, ಬಿಬಿಸಿಯವರು ಅದಕ್ಕೆ ಕಾರ್ಯಕ್ರಮ ಹೊಂದಿಸುವುದು. ಕೊನೆಗೆ ಆ ಪುಸ್ತಕಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಮೂಗು ಮುರಿದಿದ್ದ ಕಡೆಗಳಲ್ಲೇ ರೆಗ್ಯುಲರ್ ಮೇಷ್ಟ್ರುಗಳು ಅವನ್ನಿಟ್ಟುಕೊಂಡು ಪಾಠ ಮಾಡತೊಡಗಿದರು. ನಮ್ಮಲ್ಲೂ ಈ ಕಳ್ಳತನ ಇದೆ. ಇಗ್ನೋದ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ನೀಲಿ, ಹಸಿರು ರಟ್ಟಿನ ಪುಸ್ತಕಗಳನ್ನು ಬೀರುವಿನಲ್ಲಿಟ್ಟುಕೊಂಡು ನೋಟ್ಸ್ ತಯಾರಿಸದ ಅಧ್ಯಾಪಕರನ್ನು ನಾನು ಕಂಡದ್ದು ಕಡಿಮೆ. ಅಧ್ಯಾಪಕರಾಗಲು ನೆಟ್, ಕೆಸೆಟ್ ಅರ್ಹತಾ ಪರೀಕ್ಷೆ ಬರೆಯುವ ಹುಡುಗರಿಗೆ "ಇಗ್ನೋ ಮೆಟೀರಿಯಲ್ ಓದ್ಕೊಳ್ರಪ್ಪಾ" ಎಂದು ಹೇಳುವವರೂ ನಾವೇ. ಪುಸ್ತಕ ಒಳ್ಳೆಯದು, ಅದನ್ನು ಓದಿ ಪಡೆದ ಡಿಗ್ರಿ ಮಾತ್ರ ಕಡಿಮೆಯದು.

ಮೈಸೂರು ವಿಶ್ವವಿದ್ಯಾನಿಲಯದ ಆ ಅಂಚೆ ಶಿಕ್ಷಣದ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮೈಸೂರು ವಿ.ವಿ.ಯ ಆವರಣಕ್ಕೆ ಮಾನಸಗಂಗೋತ್ರಿ ಎಂಬ ಹೆಸರು ಕುವೆಂಪು ಕೊಟ್ಟದ್ದು. ಮುಕ್ತ ವಿ.ವಿ.ಯವರು ತಮ್ಮ ಆವರಣಕ್ಕೆ ಅದೇ ಧಾಟಿಯಲ್ಲಿ ಮುಕ್ತಗಂಗೋತ್ರಿ ಎಂದು ಇಟ್ಟುಕೊಂಡರು. ಎರಡೂ ಗಂಗೋತ್ರಿಗಳು ನೆರೆಹೊರೆ. ನಡೆದರೆ ಸ್ವಲ್ಪವೇ ದಾರಿ. ಆದರೆ ಈ ಕಡೆಯವರು ಆ ಕಡೆಯವರ ಬಗ್ಗೆ ಮಾತಾಡುವಾಗಿನ ಕೊಂಕನ್ನು ಕೇಳಿದರೆ ನಡುವೆ ಒಂದು ನದಿಯೇ ಹರಿಯುತ್ತಿದೆ ಅನ್ನಿಸುತ್ತದೆ. ಇದೇ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು 1930ರ ದಶಕದಲ್ಲೇ ಪ್ರಚಾರೋಪನ್ಯಾಸ ಎಂದು ಊರೂರಿಗೆ ಹೋಗಿ, ಕಾಲೇಜು ಮೆಟ್ಟಿಲು ಹತ್ತದವರ ಮುಂದೆ ಕನ್ನಡದಲ್ಲಿ ಮಾತಾಡಿ, ಅದನ್ನೇ ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿಸಿದವರು. ಆಗ ಅದು ದೊಡ್ಡಸ್ತಿಕೆಯ ಕೆಲಸವಾಗಿತ್ತು. ಅದಕ್ಕೆ ಪರೀಕ್ಷೆ, ಅಂಕಪಟ್ಟಿ ಇರಲಿಲ್ಲ. ಹಾಗಾಗಿ ನಮ್ಮ ಅಂಕಪಟ್ಟಿಗೆ ಪೈಪೋಟಿಯೂ ಇರಲಿಲ್ಲ.

ಅನುಮಾನಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿದ ತಕರಾರಿನಲ್ಲಿ 2012–13ರ ನಂತರ ಮುಕ್ತ ವಿ.ವಿ.ಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಮುಂದುವರಿಯಲಿಲ್ಲ. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದ ಮಕ್ಕಳು ಅಂಕಪಟ್ಟಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಆಗ ಸ್ಟಾಫ್ ರೂಮಿನಲ್ಲಿ ಕೇಳಿಸಿದ್ದು "ನಾನು ಆವತ್ತೇ ಹೇಳಿರ್ಲಿಲ್ವಾ" ಎಂಬ ಮಾತು. ಆ ಮಕ್ಕಳ ಗತಿಯೇನು ಎಂದು ಕೇಳಿದವರು ಒಬ್ಬಿಬ್ಬರು. ಆ ಒಬ್ಬಿಬ್ಬರಲ್ಲಿ ನಾನಿದ್ದೆ ಎಂದು ಬರೆದುಕೊಳ್ಳಲು ಆಸೆಯಾಗುತ್ತದೆ. ಇರಲಿಲ್ಲ.

ಆಮೇಲೆ 2022ರಲ್ಲಿ ಯುಜಿಸಿಯೇ ಸ್ಪಷ್ಟ ಮಾಡಿತು: ಮಾನ್ಯತೆಯಿರುವ ದೂರಶಿಕ್ಷಣದ ಪದವಿಯೂ ಆನ್‌ಲೈನ್ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. ಆದೇಶದ ಪ್ರತಿ ನಮ್ಮ ಸೂಚನಾ ಫಲಕಕ್ಕೂ ಬಂತು. ಪೆನ್ನಿನ ಕ್ಯಾಪಿಗೆ ಸಂಬಂಧಿಸಿದ ಕಲಮು ಅದರಲ್ಲಿರಲಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಹಲವು ವರ್ಷಗಳ ಹಿಂದೆ ದೂರಶಿಕ್ಷಣದ ಒಂದು ಸಂಸ್ಥೆಯಿಂದ ಪತ್ರ ಬಂತು. ಬಿ.ಎ. ಅರ್ಥಶಾಸ್ತ್ರಕ್ಕೆ ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೆಲೆ ಬದಲಾದರೆ ಬೇಡಿಕೆ ಎಷ್ಟು ಜಗ್ಗುತ್ತದೆ ಎಂಬುದರ) ಮೇಲೆ ಒಂದು ಘಟಕ ಬರೆದುಕೊಡಬೇಕು, ಸುಮಾರು ಇಪ್ಪತ್ತು ಪುಟ. ಒಂದು ವಾರಾಂತ್ಯದ ಕೆಲಸ ಅಂದುಕೊಂಡೆ. ಆ ಪಾಠವನ್ನು ಅಷ್ಟರಲ್ಲಿ ಕಡಿಮೆಯೆಂದರೂ ಇಪ್ಪತ್ತೈದು ಸಲ ಮಾಡಿದ್ದೆ. ನಿದ್ದೆಗಣ್ಣಿನಲ್ಲೂ ಬರುವ ಪಾಠ. ಬೋರ್ಡಿನ ಮೇಲೆ ಎರಡು ಗೆರೆ ಎಳೆಯುವುದು, ಒಂದು ಕಡಿದಾದದ್ದು, ಒಂದು ಮಲಗಿದಂಥದ್ದು. "ಉಪ್ಪಿನ ಬೆಲೆ ಏರಿದರೆ ಹೀಗೆ, ರೇಷ್ಮೆ ಸೀರೆ ಬೆಲೆ ಏರಿದರೆ ಹೀಗೆ" ಎಂದು ಕೈಯಾಡಿಸುವುದು. ಹಿಂದಿನ ಬೆಂಚಿನವರು ನಗುವ ಒಂದು ಜೋಕು. ಮುಗಿಯಿತು, ಗಂಟೆ.

ನೋಟ್ಸನ್ನೇ ಹಿಗ್ಗಿಸಿ ಕಳಿಸಿಬಿಟ್ಟೆ. ಮೂರು ವಾರಕ್ಕೆ ವಾಪಸ್ ಬಂತು. ಸಂಪಾದಕರು ನನಗಿಂತ ವಯಸ್ಸಿನಲ್ಲಿ ಹಿರಿಯರು, ಮುಖ ನೋಡಿದವಳಲ್ಲ. ಕೆಂಪು ಶಾಯಿ ಬಳಸಿರಲಿಲ್ಲ, ಬರೀ ಪೆನ್ಸಿಲು. ನಾನು ಒಂದು ಕಡೆ "ಮೇಲಿನ ಚಿತ್ರದಿಂದ ಇದು ಸ್ಪಷ್ಟವಾಗುತ್ತದೆ" ಎಂದು ಬರೆದಿದ್ದೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಪದ: "ಯಾರಿಗೆ?"

ಮೊದಲು ಬಂದದ್ದು ಸಿಟ್ಟು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಚಿತ್ರವನ್ನೇ ನೋಡುತ್ತಾ ಕೂತೆ. ಎರಡು ಗೆರೆಗಳಿದ್ದವು. ನನ್ನ ಕೈ ಅಲ್ಲಿರಲಿಲ್ಲ. ತರಗತಿಯಲ್ಲಿ ಅಷ್ಟು ವರ್ಷ ಪಾಠ ಮಾಡಿದ್ದು ನನ್ನ ಕೈ, ದನಿ, ಅರ್ಥವಾಗದವರ ಮುಖ ನೋಡಿ ನಾನು ಎರಡನೇ ಸಲ ಹೇಳುತ್ತಿದ್ದ ಮಾತು. ಇವನ್ನೆಲ್ಲ ತೆಗೆದರೆ ಉಳಿಯುವ ಅರ್ಥಶಾಸ್ತ್ರ ನನ್ನಲ್ಲಿ ಎಷ್ಟಿದೆ? ಬೆಲೆ ಶೇಕಡಾ ಹತ್ತು ಏರಿದಾಗ ಕೊಳ್ಳುವ ಪ್ರಮಾಣ ಶೇಕಡಾ ಹತ್ತಕ್ಕಿಂತ ಹೆಚ್ಚು ಇಳಿದರೆ ಒಂದು ಹೆಸರು, ಕಡಿಮೆ ಇಳಿದರೆ ಇನ್ನೊಂದು ಹೆಸರು. ಇದು ನನಗೆ ಗೊತ್ತು. ಆದರೆ ಗೆರೆ ಕಡಿದಾಗಿದೆಯೆಂದ ಮಾತ್ರಕ್ಕೆ ಬೇಡಿಕೆ ಜಗ್ಗುವುದಿಲ್ಲ ಎಂದು ಹೇಳುವಂತಿಲ್ಲ. ಅದೇ ಗೆರೆಯ ಮೇಲೆ ಮೇಲಿನ ತುದಿಯಲ್ಲಿ ಒಂದು ಲೆಕ್ಕ, ಕೆಳತುದಿಯಲ್ಲಿ ಇನ್ನೊಂದು ಲೆಕ್ಕ ಬರುತ್ತದೆ. ಇದನ್ನು ನಾನು ತರಗತಿಯಲ್ಲಿ ಕೈಬೀಸಿ ದಾಟಿಸಿಬಿಡುತ್ತಿದ್ದೆ. ಯಾರೂ ಕೇಳಿರಲಿಲ್ಲ. ಹಾಳೆಯ ಮೇಲೆ ಕೈ ಬೀಸಲಾಗುವುದಿಲ್ಲ.

ದೂರಶಿಕ್ಷಣದ ಬಗ್ಗೆ ನಮಗಿರುವ ಅಸಡ್ಡೆಯ ಬುಡ ಇಲ್ಲಿದೆ ಎಂದು ನನಗೆ ಅನ್ನಿಸಿದ್ದು ಆವತ್ತು. ತರಗತಿಯ ಬಾಗಿಲು ಹಾಕಿಕೊಂಡರೆ ಒಳಗೆ ನಾನೇನು ಹೇಳಿದೆ ಎಂದು ಇನ್ನೊಬ್ಬ ಮೇಷ್ಟ್ರಿಗೆ ಗೊತ್ತಾಗುವುದಿಲ್ಲ. ನನ್ನ ಸರ್ವೀಸಿನಲ್ಲಿ ಒಬ್ಬ ಸಹೋದ್ಯೋಗಿಯೂ ನನ್ನ ತರಗತಿಯಲ್ಲಿ ಬಂದು ಕೂತದ್ದಿಲ್ಲ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯವರು ಬಂದರೂ ಬಾಗಿಲಲ್ಲಿ ನಿಂತು, ನಕ್ಕು, ಮುಂದೆ ಹೋದರು. ಬರೆದ ಪಾಠ ಹಾಗಲ್ಲ. ಅದು ಅಚ್ಚಾಗಿ, ನನ್ನ ಹೆಸರು ಹೊತ್ತು, ಬೀದರಿನಿಂದ ಚಾಮರಾಜನಗರದವರೆಗೆ ಯಾರ ಕೈಗಾದರೂ ಸಿಗುತ್ತದೆ. ತಪ್ಪಿದ್ದರೆ ತಪ್ಪು ಅಲ್ಲೇ ಇರುತ್ತದೆ. ಕಲಿಸುವ ಕೆಲಸದಲ್ಲಿ ಮೊದಲ ಬಾರಿಗೆ ನನ್ನನ್ನು ಯಾರೋ ಓದುತ್ತಿದ್ದರು.

ಜರ್ಮನಿಯ ಆಟ್ಟೊ ಪೀಟರ್ಸ್ ಎಂಬ ವಿದ್ವಾಂಸ ದೂರಶಿಕ್ಷಣವನ್ನು ಕಾರ್ಖಾನೆಯ ಉತ್ಪಾದನೆಗೆ ಹೋಲಿಸಿದ. ಬರೆಯುವವನೊಬ್ಬ, ತಿದ್ದುವವನೊಬ್ಬ, ಅಚ್ಚು ಹಾಕುವವನೊಬ್ಬ, ಭಾನುವಾರ ಬಂದು ವಿವರಿಸುವವನೊಬ್ಬ, ಉತ್ತರಪತ್ರಿಕೆ ನೋಡುವವನೊಬ್ಬ. ಅವನು ಇದನ್ನು ಬೈಗುಳವಾಗಿ ಹೇಳಲಿಲ್ಲ, ಇರುವುದನ್ನು ಹೇಳಿದ. ನಮ್ಮ ಮೇಷ್ಟ್ರಿಕೆಯ ಅಹಂಗೆ ಇದು ಸಹಿಸದ ಮಾತು. ನಾವು ನಮ್ಮನ್ನು ಕುಲುಮೆಯ ಮುಂದೆ ಒಬ್ಬನೇ ಕೂತ ಆಚಾರಿಯಂತೆ ಕಂಡುಕೊಂಡವರು. ಸಾಲಿನಲ್ಲಿ ನಿಂತ ಒಬ್ಬ ಕೆಲಸಗಾರ ಅನ್ನಿಸಿಕೊಳ್ಳಲು ಮನಸ್ಸಿಲ್ಲ.

ಘಟಕವನ್ನು ನಾಲ್ಕು ಸಲ ತಿದ್ದಿ ಬರೆದೆ. ಕೊನೆಗೂ ಅದೇನು ಅದ್ಭುತವಾಗಿ ಬರಲಿಲ್ಲ.

ಅಸೈನ್ಮೆಂಟಿನ ಕಥೆ ಬೇರೆ, ಅದರಲ್ಲಿ ನನ್ನ ಪಾತ್ರ ಇನ್ನೂ ಕೆಟ್ಟದ್ದು. ನಿಯಮದ ಪ್ರಕಾರ ಈ ಪದ್ಧತಿಯ ಜೀವ ಇರುವುದೇ ಅಲ್ಲಿ. ಮುಖ ಕಾಣದ ವಿದ್ಯಾರ್ಥಿ ಬರೆದು ಕಳಿಸುತ್ತಾನೆ, ಅಧ್ಯಾಪಕ ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸುತ್ತಾನೆ, ಹೀಗೆ ಇಬ್ಬರ ನಡುವೆ ಮಾತು ನಡೆಯುತ್ತದೆ. ನಡೆಯುವುದೇನೆಂದರೆ, ಕೇಂದ್ರದ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಉತ್ತರಗಳ ಸೆಟ್ಟು ಸಿಗುತ್ತದೆ. ನಲವತ್ತು ಜನ ಅದನ್ನೇ ನಲವತ್ತು ಕೈಬರಹದಲ್ಲಿ ಇಳಿಸಿ ತರುತ್ತಾರೆ. ಮೂಲದಲ್ಲಿದ್ದ ಕಾಗುಣಿತದ ತಪ್ಪೂ ನಲವತ್ತು ಸಲ ಬರುತ್ತದೆ. ನಾವು ಟಿವಿಯ ಮುಂದೆ ಕೂತು ಹಾಳೆ ತಿರುವುತ್ತಾ ಟಿಕ್, ಟಿಕ್, ಟಿಕ್, ಹನ್ನೊಂದು, ಹನ್ನೆರಡು, ಹನ್ನೊಂದು. "ಅವರು ಕಾಪಿ ಹೊಡೀತಾರೆ, ನಾವ್ಯಾಕೆ ಓದ್ಬೇಕು?" ಎನ್ನುತ್ತಾರೆ ಅಧ್ಯಾಪಕರು. "ಅವರು ಓದಲ್ಲ, ನಾವ್ಯಾಕೆ ಬರೀಬೇಕು?" ಎನ್ನುತ್ತಾರೆ ವಿದ್ಯಾರ್ಥಿಗಳು. ಇಬ್ಬರ ಮಾತೂ ಸರಿಯಾಗಿಯೇ ಇದೆ. ಜೆರಾಕ್ಸ್ ಅಂಗಡಿಯವನು ಮನೆಯ ಮೇಲೆ ಮನೆ ಕಟ್ಟಿಸಿದ.

ಒಂದು ಭಾನುವಾರ ಸಂಪರ್ಕ ತರಗತಿ ಮುಗಿದಮೇಲೆ ಒಬ್ಬಾಕೆ ನನ್ನ ಮೇಜಿನ ಹತ್ತಿರ ಬಂದರು. ನನಗಿಂತ ನಾಲ್ಕೈದು ವರ್ಷ ಹಿರಿಯರೇ ಇರಬೇಕು. ಗಂಡನ ಜೊತೆ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ. ತಮ್ಮ ಅಸೈನ್ಮೆಂಟನ್ನು ನನ್ನ ಮುಂದೆ ಹರವಿದರು. "ಮೇಡಂ, ಬೇಜಾರ್ ಮಾಡ್ಕೋಬೇಡಿ. ಹದಿನೈದಕ್ಕೆ ಹನ್ನೊಂದು ಕೊಟ್ಟಿದ್ದೀರ. ನಾಲ್ಕು ಎಲ್ಲೋಯ್ತು ಅಂತ ಗೊತ್ತಾದ್ರೆ ಮುಂದಿನ್ ಸಲ ಸರಿಯಾಗ್ ಬರೀತೀನಿ."

ಹಾಳೆ ನೋಡಿದೆ. ನನ್ನ ಟಿಕ್ಕುಗಳು, ಕೊನೆಯಲ್ಲಿ ಹನ್ನೊಂದು, ಅದರ ಸುತ್ತ ಒಂದು ಸೊನ್ನೆ. ಒಂದು ಅಕ್ಷರವಿಲ್ಲ. ಅದೂ ಜೆರಾಕ್ಸ್ ಉತ್ತರ ಆಗಿರಲಿಲ್ಲ. ಪೆದ್ದುಪೆದ್ದಾಗಿ, ಆದರೆ ತಮ್ಮದೇ ಮಾತಿನಲ್ಲಿ ಬರೆದಿದ್ದರು. ನಾನು ಓದಿಯೇ ಇರಲಿಲ್ಲ. "ಉದಾಹರಣೆ ಸಾಲದು" ಎಂದು ಬಾಯಿಗೆ ಬಂದದ್ದು ಹೇಳಿದೆ.

"ಉದಾಹರಣೆ ಅಂದ್ರೆ ಉಪ್ಪು, ಸೀರೆ ಪುಸ್ತಕದಲ್ಲೇ ಅವೆಯಲ್ಲ ಮೇಡಂ. ನಮ್ ಹೂವಿಂದ್ ಬರೆದ್ರೆ ತಪ್ಪಾಗುತ್ತಾ?" ಎಂದು ನಿಂತಲ್ಲೇ ಹೇಳಿದರು: ಆಷಾಢದಲ್ಲಿ ಮಲ್ಲಿಗೆ ಮಾರಿಗೆ ಎರಡು ರೂಪಾಯಿ ಏರಿಸಿದರೂ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಕನಕಾಂಬರ ತೆಗೆದುಕೊಳ್ಳುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮೂರು ಪಟ್ಟು ಹೇಳಿದರೂ ಗೊಣಗುತ್ತಾ ಕೊಂಡೇ ಹೋಗುತ್ತಾರೆ. ಹೂವು ಅದೇ, ಕೊಳ್ಳುವವರೂ ಅವರೇ. ದಿನ ಬೇರೆ ಅಷ್ಟೆ.

ಇಪ್ಪತ್ತೈದು ವರ್ಷದ ಉಪ್ಪು, ರೇಷ್ಮೆ ಸೀರೆ ಕಣ್ಮುಂದೆ ಬಂದವು. ಒಂದು ವಸ್ತುವಿಗೆ ಒಂದು ಸ್ಥಿತಿಸ್ಥಾಪಕತ್ವ ಎಂಬಂತೆ ನಾನು ಹೇಳಿಕೊಂಡು ಬಂದಿದ್ದೆ. ಅದು ಸಮಯಕ್ಕೂ ಸಂದರ್ಭಕ್ಕೂ ಸೇರಿದ್ದು, ಬದಲಿ ವಸ್ತು ಸಿಗುತ್ತದೋ ಇಲ್ಲವೋ ಎನ್ನುವುದಕ್ಕೆ ಸೇರಿದ್ದು ಎಂದು ಪುಸ್ತಕದಲ್ಲಿ ನಾನೇ ಒಂದು ಸಾಲು ಬರೆದಿದ್ದೆನಲ್ಲ, ಆ ಸಾಲಿನ ಅರ್ಥ ಅಲ್ಲಿ ನಿಂತಿತ್ತು. ಈಗ ರೆಗ್ಯುಲರ್ ತರಗತಿಯಲ್ಲೂ ಮಲ್ಲಿಗೆಯನ್ನೇ ಹೇಳುತ್ತೇನೆ. ಹನ್ನೊಂದನ್ನು ಮಾತ್ರ ತಿದ್ದಲಾಗಲಿಲ್ಲ, ಪಟ್ಟಿ ಆಗಲೇ ಹೋಗಿತ್ತು.

ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರಿಗೂ ಇಷ್ಟವಾಗುತ್ತದೆ. ಹೂವಾಡಗಿತ್ತಿ ಓದುವುದು, ಕಂಡಕ್ಟರ್ ಬಿ.ಎ. ಮುಗಿಸುವುದು, ಅರವತ್ತರ ಅಜ್ಜ ಘಟಿಕೋತ್ಸವದಲ್ಲಿ ಗೌನು ಹಾಕುವುದು, ಇಂಥವು ಪತ್ರಿಕೆಯಲ್ಲಿ ಫೋಟೋ ಸಮೇತ ಬರುತ್ತವೆ, ನಾವೂ ಕಣ್ಣೊರೆಸಿಕೊಳ್ಳುತ್ತೇವೆ. ಸಂಪರ್ಕ ತರಗತಿಯ ಉದ್ಘಾಟನೆಯಲ್ಲಿ ಭಾಷಣಕಾರರು ತಪ್ಪದೆ ಏಕಲವ್ಯನನ್ನು ಕರೆತರುತ್ತಾರೆ, ಅವನೇ ಮೊದಲ ದೂರಶಿಕ್ಷಣದ ವಿದ್ಯಾರ್ಥಿಯಂತೆ. ಕಲಿಸದೆಯೇ ದಕ್ಷಿಣೆ ಕೇಳಿದ ಮೇಷ್ಟ್ರ ಕಡೆಗೆ ಮಾತು ತಿರುಗುವ ಮೊದಲೇ ಚಹಾ ಬರುತ್ತದೆ. ಅಳುವುದು, ಮೆಚ್ಚುವುದು ಎಲ್ಲ ಸರಿ. ಅದೇ ಕಂಡಕ್ಟರ್ ಎಂ.ಎ. ಮುಗಿಸಿ ನಮ್ಮ ಇಲಾಖೆಗೆ ಅರ್ಜಿ ಹಾಕಿದರೆ ಮತ್ತೆ ಪೆನ್ನಿನ ಕ್ಯಾಪು.

2020ರಲ್ಲಿ ಎಲ್ಲರೂ ಮನೆಯಲ್ಲಿ ಕೂತು ಮೊಬೈಲಿನ ಮುಂದೆ ಪಾಠ ಮಾಡಬೇಕಾಗಿ ಬಂದಾಗ ಒಬ್ಬರು "ಈಗ ನಾವೆಲ್ಲ ಕರೆಸ್ಪಾಂಡೆನ್ಸೇ ಬಿಡಿ" ಎಂದರು. ಅದು ಸರಿಯಲ್ಲ. ಕಪ್ಪು ಚೌಕಗಳಿಗೆ ಒಂದು ಗಂಟೆ ಮಾತಾಡುವುದು ಹಳೆಯ ತರಗತಿಯನ್ನೇ ತಂತಿಯ ಮೇಲೆ ಒಣಹಾಕಿದಂತೆ. ದೂರಶಿಕ್ಷಣ ಎಂದರೆ ಎದುರಿಗಿಲ್ಲದವನು ಎಲ್ಲಿ ಎಡವಬಹುದೆಂದು ಮೊದಲೇ ಯೋಚಿಸಿ ಬರೆದಿಟ್ಟಿರುವುದು. ನಮಗೆ ಅದಕ್ಕೆ ಸಮಯವೂ ಇರಲಿಲ್ಲ, ಅಭ್ಯಾಸವೂ ಇರಲಿಲ್ಲ. ಮತ್ತೆ ಕಾಲೇಜು ತೆರೆದಾಗ ಎಲ್ಲರೂ ಸದ್ಯ ಎಂದುಕೊಂಡರು.

ನನ್ನನ್ನು ಇವತ್ತಿಗೂ ಕಾಡುವುದು ಹೂವಿನವರಲ್ಲ. ಅವರ ಹಿಂದಿನ ಬೆಂಚಿನಲ್ಲಿ, ಬಾಗಿಲಿನ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿ. ಹತ್ತೊಂಬತ್ತು ವರ್ಷ ಇದ್ದೀತು. ಕಂಡಕ್ಟರುಗಳು, ಅಂಗನವಾಡಿಯವರು, ಪೊಲೀಸಿನವರು ಕೂತ ತರಗತಿಯಲ್ಲಿ ಆಕೆ ಎಲ್ಲರಿಗಿಂತ ಚಿಕ್ಕವಳು. ಕೆಲಸಕ್ಕೆ ಹೋಗುವವಳಲ್ಲ, ಮದುವೆಯಾದವಳಲ್ಲ. ಪಿಯುಸಿಯಲ್ಲಿ ಎಂಬತ್ತರ ಮೇಲೆ ಅಂಕ. ರೆಗ್ಯುಲರ್ ಕಾಲೇಜು ಅವಳ ಊರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. "ಅಷ್ಟು ದೂರ ಯಾಕೆ, ಮನೇಲಿದ್ದೇ ಓದ್ಲಿ" ಎಂದಿದ್ದರಂತೆ ಅಪ್ಪ. ಓದು ಬೇಡವೆಂದು ಹೇಳದೆಯೇ ಕಾಲೇಜು ಬಿಡಿಸುವ ದಾರಿ ಒಂದು ಸಿಕ್ಕಿತ್ತು ಅವರಿಗೆ. ಹಳ್ಳಿಗೆ ಕಾಲೇಜು ಕೊಡದ ಸರ್ಕಾರಕ್ಕೂ ಅದೇ ದಾರಿ ಸಿಕ್ಕಿದೆ ಅನ್ನಿಸುತ್ತದೆ ಒಮ್ಮೊಮ್ಮೆ. ದೂರಶಿಕ್ಷಣವನ್ನು ಬೈಯುವ ನನ್ನ ಸಹೋದ್ಯೋಗಿಗಳು ಗುಣಮಟ್ಟ, ಕಾಪಿ, ಮಾನ್ಯತೆ ಎಲ್ಲ ಎತ್ತುತ್ತಾರೆ. ಈ ಹುಡುಗಿಯನ್ನು ಯಾರೂ ಎತ್ತಿಲ್ಲ.

ತರಗತಿ ನಡೆಯುವಷ್ಟು ಹೊತ್ತೂ ಅವಳ ಅಣ್ಣ ಹೊರಗೆ ಬೈಕಿನ ಮೇಲೆ ಕೂತಿರುತ್ತಿದ್ದ. ಆ ವರ್ಷ ಎಂಟು ದಿನದ ಸಂಪರ್ಕ ತರಗತಿ. ನೋಂದಾಯಿಸಿದ ಅರವತ್ತರಲ್ಲಿ ಬರುತ್ತಿದ್ದವರು ಹನ್ನೆರಡು, ಹದಿಮೂರು ಜನ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಕೊನೆಯ ದಿನ ಎಲ್ಲರೂ ಎದ್ದು ಹೊರಟ ಮೇಲೂ ಪುಸ್ತಕ ಜೋಡಿಸುತ್ತಾ ನಿಂತಿದ್ದಳು.

"ಎಲ್ಲಾ ಘಟಕ ಓದಿದ್ಯೇನಮ್ಮಾ? ಅನುಮಾನ ಏನಾದ್ರೂ ಉಳಿದಿದ್ಯಾ?" ಎಂದೆ.

"ಇಲ್ಲ ಮೇಡಂ, ಎರಡು ಸಲ ಓದಿದೀನಿ. ಪುಸ್ತಕದಲ್ಲೇ ಎಲ್ಲ ಇದೆ" ಎಂದಳು. ಹೊರಗೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿ ಬ್ಯಾಗು ಹೆಗಲಿಗೇರಿಸಿದವಳು, ಬಾಗಿಲ ತನಕ ಹೋಗಿ ತಿರುಗಿದಳು. "ಮೇಡಂ, ಮುಂದಿನ ವರ್ಷ ಕ್ಲಾಸು ಇನ್ನೊಂದ್ ನಾಲ್ಕು ದಿನ ಜಾಸ್ತಿ ಇಡಕ್ಕಾಗುತ್ತಾ?"

ವೇಳಾಪಟ್ಟಿ ನನ್ನ ಕೈಲಿಲ್ಲ ಎಂದೆ. ಅದು ನಿಜವೇ ಆಗಿತ್ತು.